ನೀಲಮ್ಮನ ಮನೆಯ ಮಾಲ್ಟು

ಸೊರಬದಲ್ಲಿ ನನ್ನ ಮೊದಲ ದಿನ, ಬೆಳಿಗ್ಗೆ ಎಂಟು ಗಂಟೆಗೆ, ಗುರುತಿಲ್ಲದ ಗಂಡಸೊಬ್ಬರು ಬಂದು ಕೇಳಿದ ಮೊದಲ ಪ್ರಶ್ನೆ ಇದು: "ಅಮ್ಮಾ, ಎಣ್ಣೆ ಹಾಕ್ಯಂಡೇ ಬಂದ್ರಾ?"

ಬೆಂಗಳೂರಿನಲ್ಲಿ ಕೂತು ಓದುತ್ತಿರುವ ನಿಮಗೆ ಎಣ್ಣೆ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ನನಗೆ ಮೈಯೆಲ್ಲ ಉರಿಯಿತು. ಒಂಬತ್ತು ವರ್ಷ ಬಿಯರ್ ತಯಾರಿಸಿದವಳು ನಾನು. ಗಂಡಸರ ಬಾಯಲ್ಲಿ ಇಂಥ ಮಾತು ಕೇಳಿದ್ದು ಅದೇ ಮೊದಲಲ್ಲ. "ಬೆಳಿಗ್ಗೆ ಹೊತ್ತು ನಾನು ಹಾಕೋದಿಲ್ಲ" ಎಂದೆ, ಎಷ್ಟು ಖಾರವಾಗಿ ಹೇಳಬಹುದೋ ಅಷ್ಟು ಖಾರವಾಗಿ.

ಆತನ ಹೆಸರು ಹುಚ್ಚಪ್ಪ. ನಾನು ಬಾಡಿಗೆಗೆ ಹಿಡಿದಿದ್ದ, ಓಡುವುದನ್ನು ನಿಲ್ಲಿಸಿದ ಅಕ್ಕಿ ಗಿರಣಿಯನ್ನು ನೋಡಿಕೊಳ್ಳುತ್ತಿದ್ದವರು. ಒಂದು ಗಳಿಗೆ ನನ್ನ ಮುಖ ನೋಡಿ, ಬೈಕಿನ ಡಬ್ಬದಿಂದ ಸಣ್ಣ ಬಾಟಲಿಯೊಂದನ್ನು ತೆಗೆದು ಕೊಟ್ಟರು. "ಇದು ಆಸ್ಪತ್ರೆ ಎಣ್ಣೆ. ಕೈಗೆ ಕಾಲಿಗೆ ಹಚ್ಚಿಕಳಿ. ಕಾಡಂಚಿಗೆ ಹೋಗದು, ಉಣುಗು ಹತ್ತತ್ತೆ." ನಾವು ಭತ್ತ ನೋಡಲು ಹೊರಟಿದ್ದು ಕ್ಯಾಸನೂರಿನ ಆಚೆಗೆ. ಉಣುಗು ಎಂದರೆ ದನದ ಮೈಗೆ ಹತ್ತುವ ಸಣ್ಣ ಹುಳು. ಮಂಗನ ಕಾಯಿಲೆಯನ್ನು ಮನುಷ್ಯನಿಗೆ ದಾಟಿಸುವುದು ಅದೇ. ಆ ಕಡೆಯ ಜನಕ್ಕೆ ಬೇಸಿಗೆಯಲ್ಲಿ ಎಣ್ಣೆ ಎಂದರೆ ಇದೊಂದೇ ಎಣ್ಣೆ. ನಾನು ಬಾಯಿ ಮುಚ್ಚಿಕೊಂಡು ಕಾಲಿಗೆ ಹಚ್ಚಿಕೊಂಡೆ. ನಾನು ಕುಡಿತದ ನಂಟಿರುವವಳೆಂದು ಹುಚ್ಚಪ್ಪನಿಗೆ ಆ ಕ್ಷಣವೇ ಗೊತ್ತಾಗಿತ್ತು. ಆತ ಯಾರಿಗೂ ಹೇಳಲಿಲ್ಲ. ಮುಂದೆ ಆದದ್ದಕ್ಕೆಲ್ಲ ಆತನನ್ನು ದೂರುವಂತಿಲ್ಲ.

ನಾನು ಯಾಕೆ ಈ ಕಡೆ ಬಂದೆ ಎಂದು ಕೆಲವರು ಕೇಳಿದ್ದೀರಿ. ವಾರದ ಕೊನೆಗೆ ಊರೂರು ಸುತ್ತಿ ಕ್ರಾಫ್ಟ್ ಬಿಯರಿನ ಟ್ಯಾಪ್‌ರೂಮುಗಳಲ್ಲಿ ಕೂರುವವರು ನೀವು. ಗಾಜಿನ ಗೋಡೆಯ ಹಿಂದೆ ಹೊಳೆಯುವ ಸ್ಟೀಲಿನ ಹಂಡೆಗಳನ್ನು ನೋಡುತ್ತ, ಹಲಗೆಯ ಮೇಲೆ ಸಾಲಾಗಿ ಬಂದ ನಾಲ್ಕು ಪುಟ್ಟ ಲೋಟಗಳಿಂದ ಒಂದೊಂದು ಗುಟುಕು ಹೀರಿ, ಇದರಲ್ಲಿ ಕಿತ್ತಳೆ ಸಿಪ್ಪೆಯ ವಾಸನೆಯಿದೆ, ಅದರಲ್ಲಿ ಕಾಫಿಯದಿದೆ ಎಂದು ತಲೆದೂಗುವವರು. ಆ ಹಂಡೆಯೊಳಗೆ ಬೇಯುವ ಕಾಳು ಎಲ್ಲಿಂದ ಬರುತ್ತದೆಂದು ಮಾತ್ರ ನೀವು ಕೇಳಿದವರಲ್ಲ. ಬಹಳಷ್ಟು ಹಡಗಿನಲ್ಲಿ ಬರುತ್ತದೆ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟು. ನಮ್ಮ ಭತ್ತ ರಾಗಿಗಳಿಗೆ ಮೊಳಕೆ ಬರುವುದಿಲ್ಲವೇ ಎಂದು ನನಗೆ ಹಟ ಹತ್ತಿತು. ಅಗ್ಗಕ್ಕೆ ಸಿಕ್ಕಿದ್ದು ಸೊರಬದ ಗಿರಣಿ, ಅದರ ವಿಶಾಲವಾದ ಒಣಗಿಸುವ ಕಣ. ಮನೆ ಮಾತ್ರ ಸೊರಬದಲ್ಲಿ ಸಿಗಲಿಲ್ಲ. ಶಿಕಾರಿಪುರಕ್ಕೆ ಹೋದೆ.

ಶಿಕಾರಿಪುರದಲ್ಲಿ ಮನೆ ಹುಡುಕುವುದೆಂದರೆ ಕಟಕಟೆಯಲ್ಲಿ ನಿಂತಂತೆ. ಬೆಂಗಳೂರಿನ ಮಾಲೀಕರು ಮುಂಗಡ ಎಷ್ಟು ಕೊಡುತ್ತೀರಿ ಎಂದು ಶುರು ಮಾಡುತ್ತಾರೆ. ಇಲ್ಲಿ ಮೊದಲು "ಯಾವ ಪೈಕಿ?" ಆಮೇಲೆ "ಯಜಮಾನ್ರು ಎಲ್ಲಿರ್ತಾರ್ರೀ?" ಯಜಮಾನರು ಇಲ್ಲ, ಇದ್ದವರಲ್ಲ, ಬರುವ ಅಂದಾಜೂ ಇಲ್ಲ ಎಂದೆ. ಹಾಗೆಂದ ಮೂರು ಮನೆಗಳಲ್ಲಿ ಬಾಡಿಗೆಯ ಮನೆ ನಿನ್ನೆಯಷ್ಟೇ ಬೇರೆಯವರಿಗೆ ಆಗಿಹೋಗಿತ್ತು. ಬೋರ್ಡು ಮಾತ್ರ ಗೋಡೆಯ ಮೇಲೆ ಹಾಗೇ ಇತ್ತು. ಇನ್ನೂ ಇದೆ, ಬಸ್‌ಸ್ಟ್ಯಾಂಡಿಗೆ ಹೋಗುವಾಗಲೆಲ್ಲ ನೋಡುತ್ತೇನೆ.

ನಾಲ್ಕನೆಯದು ನೀಲಮ್ಮನದು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಐವತ್ತೆಂಟರ ಗಟ್ಟಿ ಹೆಂಗಸು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗಳು ಶೈಲಾ ಬಾಣಂತಿತನಕ್ಕೆ ಬಂದಿದ್ದಳು. ನೀಲಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು. "ಏನ್ ಕೆಲ್ಸ ಮಾಡ್ತೀರ್ರೀ?"

"ಮಾಲ್ಟ್ ತಯಾರಿಸ್ತೀನಿ."

ಅವರ ಮುಖ ಅರಳಿತು. "ಮಾಲ್ಟ್ ಅಂದ್ರ ಕೂಸಿನ ಹಿಟ್ಟಲ್ಲೇನ್ರೀ? ರಾಗಿ ಮೊಳಕಿ ಬರಿಸಿ ಮಾಡೋದು?"

ನಾನು ತಲೆಯಾಡಿಸಿದೆ. ಸುಳ್ಳಲ್ಲ. ರಾಗಿ, ಮೊಳಕೆ, ಎಲ್ಲವೂ ನಿಜ. ಆದರೆ ಆ ಹೆಂಗಸು ಏನು ತಿಳಿದುಕೊಂಡರೆಂದು ಗೊತ್ತಿದ್ದೇ ತಲೆಯಾಡಿಸಿದೆ. ಮೂರು ಮನೆ ಸುತ್ತಿ ಕಾಲು ಸೋತಿತ್ತು. ಅದು ನೆಪ ಎಂದು ನನಗೂ ಗೊತ್ತು.

ಮನೆ ಎಂದರೆ ಅವರ ಮನೆಯ ಮಗ್ಗುಲಿನ ಎರಡು ಕೋಣೆ. ಬಚ್ಚಲು ಇಬ್ಬರಿಗೂ ಒಂದೇ. ಬೆಳಿಗ್ಗೆ ಐದೂವರೆಗೆ ನೀಲಮ್ಮ ಎದ್ದು ಬಚ್ಚಲ ಒಲೆಗೆ ಸೌದೆ ತುರುಕಿ ತಾಮ್ರದ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದರು. ಗೀಸರ್ ಹಾಕಿಸಿಕೊಳ್ಳುತ್ತೇನೆ ಎಂದಿದ್ದಕ್ಕೆ ನಾನೇನೋ ಬೈದೆನೆಂಬಂತೆ ನೋಡಿದರು. ಆ ಹೊಗೆಗೆ ನನ್ನ ಬಟ್ಟೆಗಳೆಲ್ಲ ಒಂದೇ ವಾಸನೆ ಹೊಡೆಯುತ್ತಿದ್ದವು. ಮೊದಲ ತಿಂಗಳು ನಾನು ಸಿಟ್ಟಿನಲ್ಲೇ ಇದ್ದೆ. ಊಟಕ್ಕೆ ಹೋದರೆ ರೊಟ್ಟಿಯ ಜೊತೆ ಬರುವ ಖಾರದ ಚಟ್ನಿ ನಾಲಗೆಯನ್ನು ಕೊಲ್ಲುತ್ತಿತ್ತು. ನಾಲಗೆ ನನ್ನ ಹೊಟ್ಟೆಪಾಡು, ಅದು ಸತ್ತರೆ ನಾನೂ ಸತ್ತಂತೆ ಎಂದು ಯಾರಿಗೆ ಹೇಳಲಿ? ಬೀದಿಯಲ್ಲಿ ಯಾರು ಎದುರಾದರೂ "ಊಟಾತೇನ್ರೀ?" ಅದೊಂದು ಕುಶಲ ಪ್ರಶ್ನೆ, ಉತ್ತರ ಬೇಡ ಎಂದು ತಿಳಿಯದೆ ಏನು ಉಂಡೆನೆಂದು ವಿವರವಾಗಿ ಹೇಳುತ್ತಿದ್ದೆ. ನಗುತ್ತಿದ್ದರು. ಮಂಡಿಯ ದಲಾಲರು ನನ್ನೊಂದಿಗೆ ಮಾತಾಡದೆ ನನ್ನ ಪಕ್ಕ ನಿಂತ ಹುಚ್ಚಪ್ಪನೊಂದಿಗೆ ಮಾತಾಡುತ್ತಿದ್ದರು, ಕಾಳು ಕೊಳ್ಳುವವಳು ನಾನಾದರೂ.

ಎಲ್ಲರ ಬಾಯಲ್ಲೂ ಆ "ರೀ". ಬೆಂಗಳೂರಿನಲ್ಲಿ ರೀ ಎನ್ನುವುದು ಬೈಯುವ ಮೊದಲು, "ಏನ್ರೀ, ಕಣ್ಣು ಕಾಣಲ್ವಾ" ಎನ್ನುವಾಗ. ಇಲ್ಲಿ ಅದು ಮರ್ಯಾದೆ. ಅಂಗಡಿಯವನು ರೀ, ಕಂಡಕ್ಟರ್ ರೀ, ಮನೆ ಕೊಡದೆ ಕಳಿಸಿದ ಮೂವರೂ ರೀ. ರೀ ಹಚ್ಚಿದರೆ ಇಲ್ಲ ಎನ್ನುವುದು ಸುಲಭವೆಂದು ನನಗೆ ಆಗಲೇ ಅನ್ನಿಸಿತ್ತು.

ಮಳೆ ಹಿಡಿಯಿತು. ಸೊರಬದ ಗಿರಣಿಯಲ್ಲಿ ನನ್ನ ಮೊದಲ ಎರಡು ರಾಶಿ ರಾಗಿ ಬೂಷ್ಟು ಹಿಡಿದು ಹಾಳಾದವು. ನನ್ನ ಪುಸ್ತಕದ ಲೆಕ್ಕಾಚಾರಗಳೆಲ್ಲ ಬೇರೆ ದೇಶದ ಒಣ ಚಳಿಗೆ ಬರೆದವು. ಹುಚ್ಚಪ್ಪ ಮೂಸಿ ನೋಡಿ, "ಇದನ್ನ ಎಮ್ಮೇನೂ ಮುಟ್ಟದಿಲ್ಲ" ಎಂದರು. ಅಂದು ಸಂಜೆ ಮನೆಗೆ ಬಂದು ಅಂಗಳದ ಕಟ್ಟೆಯ ಮೇಲೆ ಕೂತು ಅತ್ತೆ. ನೀಲಮ್ಮ ಒಂದು ಹಿಡಿ ಕಾಳು ಕೇಳಿ ತೆಗೆದುಕೊಂಡು, ಉಗುರಿನಿಂದ ಸೀಳಿ ನೋಡಿದರು.

"ನೀರಾಗ ಬಾಳ ಹೊತ್ತು ಬಿಟ್ಟೀರಿ. ಕಾಳಿಗೂ ಉಸಿರು ಬೇಕಲ್ರೀ. ನೆನಿ, ತೆಗಿ, ಆರಿಸು, ಮತ್ತ ನೆನಿ. ಎಳೆ ಸೌತಿಕಾಯಿ ವಾಸ್ನಿ ಬರಬೇಕು. ಬಂತಂದ್ರ ಸರಿ ಐತಿ. ಬರ್ಲಿಲ್ಲಂದ್ರ ಸಾಯಾಕ್ಹತ್ತೈತಿ."

ಮರುದಿನ ಅವರೇ ನನ್ನೊಂದಿಗೆ ಬಸ್ಸು ಹತ್ತಿ ಸೊರಬಕ್ಕೆ ಬಂದರು. ಸೆರಗು ಸಿಕ್ಕಿಸಿಕೊಂಡು, ಗೋಣಿಚೀಲ ಹಾಸಿಸಿ, ಕಾಳನ್ನು ಎಷ್ಟು ತೆಳ್ಳಗೆ ಹರಡಬೇಕು, ಯಾವ ಹೊತ್ತಿಗೆ ಮಗುಚಬೇಕು ಎಂದು ಕೈಯಿಂದಲೇ ತೋರಿಸಿದರು. ಮೂರನೆಯ ದಿನ ಗಿರಣಿಯ ಬಾಗಿಲು ತೆಗೆದರೆ ಒಳಗೆಲ್ಲ ಸೌತೆಕಾಯಿ ಹೆಚ್ಚಿಟ್ಟ ವಾಸನೆ. ನಾನು ಬಗ್ಗಿ ಮೂಸುತ್ತಲೇ ಇದ್ದೆ. ಮಗುಚುತ್ತಿದ್ದ ನೀಲಮ್ಮ ತಲೆಯೆತ್ತಿ ನಕ್ಕರು. ಕಿಟಕಿಯ ಬೆಳಕು ಅವರ ಮುಖದ ಮೇಲಿತ್ತು. ಫೋನು ತೆಗೆದು ಒಂದು ಫೋಟೋ ಹೊಡೆದೆ.

ಅಂದು ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ನನ್ನ ಭುಜಕ್ಕೆ ತಟ್ಟಿ, "ಏ ಸುಮಾ, ಕಿಟಕಿ ಮುಚ್ಚು, ಇರಚಲು ಬರತೈತಿ" ಎಂದರು. ರೀ ಇರಲಿಲ್ಲ. "ನೀವು" ಎಂಬ ಮರ್ಯಾದೆಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಬಚ್ಚಲ ಕಡೆಯಿಂದ ಕೂಗು ಬಂತು. "ನೀರು ಕಾದಾವು, ಬಾರೇ." ಬಾಗಿಲ ಹಿಂದೆ ನಿಂತು ಎರಡನೆಯ ಸಲ ಕರೆಯಲೆಂದು ಕಾದೆ. ಕರೆದರು.

ಆಮೇಲೆ ಒಂದು ವರ್ಷ ನನ್ನದು ಎರಡು ಬಾಳು. ಎರಡು ತಿಂಗಳಿಗೊಮ್ಮೆ ಚೀಲದಲ್ಲಿ ಮಾಲ್ಟಿನ ಪೊಟ್ಟಣಗಳನ್ನು ತುಂಬಿಕೊಂಡು ಟ್ಯಾಪ್‌ರೂಮುಗಳ ಯಾತ್ರೆ. ಪುಣೆಯಲ್ಲಿ ಒಬ್ಬ ನನ್ನ ರಾಗಿಯನ್ನು ಬಾಯಿಗೇ ಹಾಕಿಕೊಳ್ಳದೆ, ಇದು ಬಡವರ ಕಾಳಲ್ಲವೇ, ಗಿರಾಕಿಗಳು ಒಪ್ಪುತ್ತಾರೆಯೇ ಎಂದ. ಗೋವಾದಲ್ಲಿ ಒಬ್ಬ ಎರಡು ಗಂಟೆ ಕಾಯಿಸಿ, ತಾನು ಕಳೆದ ವರ್ಷ ಕುಡಿದು ಬಂದ ಊರುಗಳ ಹೆಸರನ್ನೆಲ್ಲ ಹೇಳಿ ಕಳಿಸಿದ. ಗೋಡೆಗೆ ಸಾಲಾಗಿ ನಲ್ಲಿ, ಮೇಲೆ ಸೀಮೆಸುಣ್ಣದ ಬರಹದ ಕಪ್ಪು ಹಲಗೆ, ಪುಣೆಯದನ್ನು ಗೋವಾದಲ್ಲಿಟ್ಟರೆ ವ್ಯತ್ಯಾಸ ತಿಳಿಯದು. ಎಲ್ಲರೂ ಊರಿನ ರುಚಿ, ಮಣ್ಣಿನ ರುಚಿ ಎನ್ನುತ್ತಾರೆ. ಯಾವ ಊರು ಎಂದರೆ ಹಲಗೆ ನೋಡುತ್ತಾರೆ. ಕೊನೆಗೆ ಕೊಂಡದ್ದು ಬೆಂಗಳೂರಿನ ಒಂದು ಟ್ಯಾಪ್‌ರೂಮು. ಅಲ್ಲಿ ನನ್ನ ಮಾಲ್ಟಿನಿಂದ ಮಾಡಿದ ಬಿಯರನ್ನು ಒಂದು ಗುಟುಕು ಬಾಯಲ್ಲಿಟ್ಟು, ಹೊರಳಿಸಿ, ಉಗಿದು, ಬಿಲ್ಲಿನ ಹಣ ಪಡೆದು ಬಸ್ಸು ಹತ್ತುತ್ತಿದ್ದೆ.

ಶಿಕಾರಿಪುರದಲ್ಲಿ ಇಳಿದ ಮೇಲೆ ನಾನು ಕೂಸಿನ ಹಿಟ್ಟಿನ ಸುಮಕ್ಕ. ಶೈಲಾಳ ಮಗುವಿಗೆ ಆರು ತಿಂಗಳಾದಾಗ ನೀಲಮ್ಮ ಗಿರಣಿಯ ರಾಶಿಯಿಂದಲೇ ಒಂದು ಸೇರು ತಂದು, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿ ಗಂಜಿ ಕಾಯಿಸಿದರು. ಮಗು ಕೈಕಾಲು ತುಂಬಿಕೊಂಡು ಬೆಳೆಯಿತು. ಅದನ್ನು ನೋಡಿ ಬೀದಿಯ ತಾಯಂದಿರು ಡಬ್ಬಿ ಹಿಡಿದು ಬಂದರು. ಅದೇ ಚೀಲದ ಅರ್ಧ ಬೆಂಗಳೂರಿನ ಹಂಡೆಗೆ, ಒಂದು ಹಿಡಿ ಇಲ್ಲಿನ ಮಕ್ಕಳಿಗೆ. ಹೇಳಬೇಕು, ಹೇಳಬೇಕು ಎಂದುಕೊಂಡೇ ದಿನ ದೂಡಿದೆ. ಹೇಳಿದ್ದರೆ ಆ "ಬಾರೇ" ಹೋಗುತ್ತಿತ್ತು. ಅಷ್ಟೇ ಕಾರಣ. ನಲವತ್ತೊಂದು ವರ್ಷದ ಹೆಂಗಸಿಗೆ ಅದಕ್ಕಿಂತ ದೊಡ್ಡ ಕಾರಣ ಬೇಕಾಗುವುದಿಲ್ಲ ಎಂದು ಒಂಟಿಯಾಗಿ ಇದ್ದವರಿಗೆ ಗೊತ್ತಾಗುತ್ತದೆ.

ಒಂದು ದಿನ ಸೊರಬದ ಬಸ್ಸಿನಲ್ಲಿದ್ದಾಗ ಬೆಂಗಳೂರಿನ ಟ್ಯಾಪ್‌ರೂಮಿನ ಮಾಲೀಕ ಸಂದೇಶ ಕಳಿಸಿದ. ನಿಮ್ಮ ಮಾಲ್ಟಿಗೆ ಒಂದು ಕಥೆ ಬೇಕು, ಊರಿನ ಫೋಟೋ ಇದೆಯೇ? ಯೋಚಿಸದೆ ನೀಲಮ್ಮನ ಆ ಫೋಟೋ ಕಳಿಸಿದೆ. ಬಳಸಿಕೊಳ್ಳಲೇ ಎಂದು ಕೇಳಿದ. ಹೆಬ್ಬೆರಳಿನ ಚಿತ್ರವೊಂದನ್ನು ಒತ್ತಿದೆ. ಆಗ ಬಸ್ಸು ಶಿರಾಳಕೊಪ್ಪದಲ್ಲಿ ನಿಂತಿತ್ತು, ನಾನು ಕಡಲೆಕಾಯಿ ಕೊಳ್ಳುತ್ತಿದ್ದೆ. ಬೇರೆಯವರ ಮುಖವನ್ನು ಕೊಟ್ಟುಬಿಡಲು ಅಷ್ಟು ಹೊತ್ತು ಸಾಕಾಯಿತು.

ಶೈಲಾಳ ಗಂಡ ಹಾವೇರಿ ಕಡೆ ಕೆಲಸದಲ್ಲಿದ್ದ. ಸಹೋದ್ಯೋಗಿಗಳೊಂದಿಗೆ ಬೆಂಗಳೂರಿಗೆ ಹೋಗಿದ್ದವನು ಭಾನುವಾರ ಇಲ್ಲಿಗೆ ಬಂದು, ಜೇಬಿನಿಂದ ದುಂಡನೆಯ ರಟ್ಟೊಂದನ್ನು ತೆಗೆದು ಅತ್ತೆಯ ಮುಂದಿಟ್ಟ. ಬಿಯರಿನ ಲೋಟದ ಕೆಳಗೆ ಇಡುತ್ತಾರಲ್ಲ, ಆ ಬಿಲ್ಲೆ. ಅದರ ತುಂಬ ನೀಲಮ್ಮನ ನಗು. ಹಣೆಯ ವಿಭೂತಿಯ ಮೇಲೆ ಒದ್ದೆ ಲೋಟ ಕೂತ ಉಂಗುರದ ಕಲೆ. ಸುತ್ತಲೂ "ಮಲೆನಾಡ ಅಜ್ಜಿ ಬಿಯರ್" ಎಂಬ ಅಕ್ಷರ. ಅಳಿಯ ಆ ಜಾಗಕ್ಕೆ ಯಾಕೆ ಹೋಗಿದ್ದನೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ನನ್ನನ್ನು ಕರೆಸಿದರು. ಪಡಸಾಲೆಯಲ್ಲಿ ನೀಲಮ್ಮ ಕೂತಿದ್ದರು, ರಟ್ಟು ತೊಡೆಯ ಮೇಲೆ. ಶೈಲಾ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನನ್ನ ನೆರಳು ಸೋಕಬಾರದೆಂಬಂತೆ ಹೋದಳು.

"ಇದು ನಾನೇನ್ರೀ?" ಎಂದರು ನೀಲಮ್ಮ.

ಆ ರೀ ಕೇಳಿಯೇ ನನಗೆ ಮುಗಿಯಿತು ಅನ್ನಿಸಿತು. ಆದರೂ ವಾದಕ್ಕೆ ನಿಂತೆ. ನನ್ನ ಸ್ವಭಾವವೇ ಅದು. ಮಾಲ್ಟಿನಲ್ಲಿ ಅಮಲು ಇರುವುದಿಲ್ಲ, ಅದು ಬರೀ ಮೊಳಕೆಯ ಕಾಳು, ಅಮಲು ಬರುವುದು ಆಮೇಲೆ, ಹುದುಗಿಸಿದಾಗ, ಮಗುವಿಗೆ ಏನೂ ಆಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ.

ಅಳಿಯ ಎದ್ದು ನಿಂತ. "ನಮ್ಮ ಕೂಸಿಗೆ ಸೆರೆ ಕಾಸೋ ಹಿಟ್ಟು ತಿನ್ಸಿ ಮ್ಯಾಲೆ ಪಾಠ ಹೇಳ್ತೀರೇನ್ರೀ? ತಿಂಗಳ ಕೊನೆಗೆ ಮನೆ ಖಾಲಿ ಮಾಡ್ರಿ."

"ನೀವು ಸುಮ್ನಿರ್ರಿ" ಎಂದರು ನೀಲಮ್ಮ ಅಳಿಯನಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಹಿಟ್ಟಿಂದು ನಂಗ ಹೇಳಬ್ಯಾಡ್ರಿ. ಹಿಟ್ಟು ಏನಂತ ನಂಗ ಗೊತ್ತೈತಿ, ನಿಮಗ ಕಲಿಸಿದಾಕಿನ ನಾನು. ನಾ ಕೇಳಾಕ್ಹತ್ತಿದ್ದು ನಿಮ್ಮಿಂದು. ವರ್ಷ ತುಂಬಾ ಒಂದೇ ಹಂಡೇದಾಗಿನ ನೀರು ಹಾಕ್ಕೊಂಡ್ವಿ. ಒಂದಿನ ಬಾಯಿ ಬರ್ಲಿಲ್ಲೇನ್ರೀ ನಿಮಗ?"



"ಇವ್ರು ಎಲ್ಲಿಗೂ ಹೋಗಾದು ಬ್ಯಾಡ" ಎಂದರು ಅಳಿಯನಿಗೆ. "ಬಿಟ್ಟು ಹೋದ್ರ ಯಾಕ ಬಿಟ್ರು ಅಂತ ಬೀದಿ ಕೇಳತೈತಿ. ಕೇಳಿದ್ರ ಈ ರಟ್ಟು ಮನಿಮನಿಗೆ ಹೊಕ್ಕತಿ. ಇರ್ಲಿ ಇಲ್ಲೇ." ಆಮೇಲೆ ರಟ್ಟನ್ನು ಮತ್ತೊಮ್ಮೆ ನೋಡಿ, "ಮಲೆನಾಡಂತ. ನಾವ್ಯಾವಾಗ ಮಲೆನಾಡೋರಾದ್ವಿ" ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ನಗಬೇಕೆನಿಸಿತು. ನಗುವ ಹಕ್ಕು ನನಗಿರಲಿಲ್ಲ.

ಡಬ್ಬಿ ಹಿಡಿದು ಬಂದ ತಾಯಂದಿರಿಗೆ, ಮಿಷನ್ ಕೆಟ್ಟೈತಿ, ಇನ್ನ ಹಿಟ್ಟು ಇಲ್ಲ ಎಂದು ನೀಲಮ್ಮನೇ ಹೇಳಿ ಕಳಿಸಿದರು. ನನಗಾಗಿ ಅವರು ಹೇಳಿದ ಸುಳ್ಳು ಅದು, ಅಥವಾ ನನ್ನಿಂದಾಗಿ.

ಅದೇ ವಾರ ಬೆಂಗಳೂರಿಗೆ ಹೋದೆ. ಮಧ್ಯಾಹ್ನ, ಟ್ಯಾಪ್‌ರೂಮು ಅರ್ಧ ತುಂಬಿತ್ತು. ನಿಮ್ಮಲ್ಲಿ ಯಾರಾದರೂ ಅಂದು ಅಲ್ಲಿದ್ದಿರೋ ಏನೋ. ಮೇಜಿನಿಂದ ಮೇಜಿಗೆ ಹೋಗಿ, ಜನರ ಲೋಟ ಎತ್ತಿ ಪಕ್ಕಕ್ಕಿಟ್ಟು ಬಿಲ್ಲೆಗಳನ್ನು ಎಳೆದುಕೊಳ್ಳುತ್ತಿದ್ದ ಹೆಂಗಸು ನಾನೇ. ಒಬ್ಬ ಹುಡುಗಿ, ಇದು ತುಂಬಾ ಮುದ್ದಾಗಿದೆ, ಮನೆಗೆ ಒಯ್ಯುತ್ತೇನೆ ಎಂದು ಬಿಗಿಯಾಗಿ ಹಿಡಿದುಕೊಂಡಳು. ಅವಳ ಕೈಯಿಂದ ಕಿತ್ತುಕೊಂಡೆ. ಕ್ಷಮೆ ಕೇಳಿಲ್ಲ, ಈಗಲೂ ಕೇಳುವುದಿಲ್ಲ.

ಮಾಲೀಕ ಹೊರಗೆ ಬಂದ. ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ನೀವೇ ಓಕೆ ಅಂದ್ರಲ್ಲ ಮೇಡಂ" ಎಂದ. ಅದು ನಿಜವಾದ್ದರಿಂದ ನನಗೆ ಇನ್ನಷ್ಟು ಸಿಟ್ಟು ಬಂತು. "ಹೋಗ್ಲಿ ಬಿಡಿ, ಆ ಬ್ಯಾಚು ಮುಗೀತಾ ಬಂತು. ಮುಂದಿನದಕ್ಕೆ ಬೇರೆ ಕಥೆ ಹುಡುಕಿದೀವಿ." ಒಳಗಿನಿಂದ ಉಳಿದ ಬಿಲ್ಲೆಗಳ ಪೆಟ್ಟಿಗೆ ತರಿಸಿ ಕೊಟ್ಟ. ಪಕ್ಕದ ಮೇಜಿನವನೊಬ್ಬ, ಇದು ಯಾವ ಊರಿನ ಅಜ್ಜಿ ಎಂದು ಕೇಳಿದ. "ನಮ್ಮೂರಿನವರು" ಎಂದೆ. ನಾನು ಹುಟ್ಟಿ ಬೆಳೆದದ್ದು ಆ ಟ್ಯಾಪ್‌ರೂಮಿನಿಂದ ಮೂರು ಕಿಲೋಮೀಟರ್ ದೂರದಲ್ಲಿ.

ಬಸ್ಸಿನ ಉದ್ದಕ್ಕೂ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ವಿಭೂತಿ ಹಚ್ಚಿದ ಮುಖ, ಕಸಕ್ಕೆ ಹಾಕುವಂತಿಲ್ಲ. ಬದುಕಿರುವವರ ಮುಖ, ಬೆಂಕಿಗೆ ಹಾಕುವಂತಿಲ್ಲ. ಸೊರಬದ ಗಿರಣಿಯಲ್ಲಿ ಇಟ್ಟುಬಿಡೋಣವೆಂದು ಹೊರಟು, ಹುಚ್ಚಪ್ಪನಿಗೆ ಎಲ್ಲ ಹೇಳಿದೆ. ಆತ ಬೀಡಿ ಆರಿಸಿ, "ನಂಗೆ ಮೊದ್ಲ ದಿನಾನೇ ಗೊತ್ತಿತ್ತಲ್ರಾ" ಎಂದರು. "ಆವತ್ತು ನಂಗೆ ಹೇಳ್ದಂಗೇ ಅವ್ರಿಗೂ ಹೇಳಿದ್ರೆ ಆಗ್ತಿತ್ತು. ಸಿಟ್ಟು ಮಾಡ್ಕ್ಯಂಡಾದ್ರೂ ನಿಜ ಹೇಳಿದ್ರಿ ಆವತ್ತು. ಇದನ್ನ ಇಲ್ಲಿಡಬ್ಯಾಡಿ. ಯಾರ್ದೋ ಅವ್ರಿಗೇ ಕೊಡಿ."

ಕೊಟ್ಟೆ. ನೀಲಮ್ಮ ಪೆಟ್ಟಿಗೆ ತೆರೆದು ಮೇಲಿನದೊಂದನ್ನು ತೆಗೆದರು, ತಿರುಗಿಸಿ ನೋಡಿದರು, ಒಳಗಿಟ್ಟರು.

"ಎಲ್ಲ ತಂದೀರೇನ್ರೀ?"

"ಸಿಕ್ಕಿದ್ದಷ್ಟೂ ತಂದೀನಿ."

"ಸಿಗದಿದ್ದವು?"

ಆ ಹುಡುಗಿಯಂಥವರು ಎಷ್ಟು ಜನ ಮನೆಗೆ ಒಯ್ದಿದ್ದಾರೋ. ನಿಮ್ಮ ಮನೆಯ ಟೀಪಾಯಿಯ ಮೇಲೆ ಒಂದಿದ್ದರೆ, ಅವರ ಹೆಸರು ನೀಲಮ್ಮ. ಮಲೆನಾಡಿನವರಲ್ಲ. ಅದರ ಮೇಲೆ ಲೋಟ ಇಡಬೇಡಿ.

ಮರುದಿನ ಆರೂವರೆಗೆ ಎಚ್ಚರವಾಯಿತು. ಬಚ್ಚಲ ಕಡೆಯಿಂದ ಬರುತ್ತಿದ್ದುದು ಸೌದೆಯ ವಾಸನೆಯಲ್ಲ, ಬಣ್ಣದ ರಟ್ಟು ಉರಿಯುವ ಘಾಟು. ಓಡಿ ಹೋದೆ. ನೀಲಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹಿಡಿಹಿಡಿಯಾಗಿ ಒಳಗೆ ಹಾಕುತ್ತಿದ್ದರು. ಒಂದೊಂದೇ ನಗು ಅಂಚಿನಿಂದ ಸುರುಟಿಕೊಂಡು ಕಪ್ಪಾಗುತ್ತಿತ್ತು.

"ಅಮ್ಮಾ, ನಿಮ್ಮ ಮುಖ ಅದು, ಬೇಡ" ಎಂದೆ. ಅಮ್ಮಾ ಎಂದು ಅವರನ್ನು ನಾನು ಕರೆದದ್ದು ಅದೇ ಮೊದಲು.

"ಅದು ನಾನಲ್ರೀ" ಎಂದರು. ಪೆಟ್ಟಿಗೆಯನ್ನೂ ಹರಿದು ಒಲೆಗಿಟ್ಟು, ಕೈ ಕೊಡವಿಕೊಂಡು ಎದ್ದರು. ಹಂಡೆಯ ಮುಚ್ಚಳ ಸರಿಸಿ, ಬೆರಳು ಅದ್ದಿ ನೋಡಿದರು. ಅವರ ಸ್ನಾನ ಆಗಿತ್ತು, ಹಣೆಯ ವಿಭೂತಿ ಇನ್ನೂ ಒದ್ದೆಯಾಗಿತ್ತು.

ಅಳಿಯ ಹಾವೇರಿಗೆ ಹೋಗಿದ್ದಾನೆ. ಗಿರಣಿಯಲ್ಲಿ ಹೊಸ ರಾಶಿ ಮೊಳಕೆ ಬಂದಿದೆ, ಸೌತೆಕಾಯಿ ವಾಸನೆ ಬರುತ್ತಿದೆ. ಬೇರೆ ಮನೆ ಹುಡುಕು, ಇಲ್ಲವೇ ವಾಪಸ್ ಬಾ ಎಂದು ನೀವು ಬರೆಯುತ್ತೀರಿ. ಬೆಂಗಳೂರಿಗೆ ಬಂದರೆ ನಾನು ಮೇಡಂ. ಇಲ್ಲಿ ರೀ. ಎರಡರಲ್ಲಿ ಯಾವುದೂ ನನ್ನ ಹೆಸರಲ್ಲ, ಆದರೆ ಇಲ್ಲಿ ಒಂದು ವರ್ಷ ನನಗೊಂದು ಹೆಸರಿತ್ತು. ಕಳೆದುಕೊಂಡ ಜಾಗದಲ್ಲೇ ಹುಡುಕುತ್ತೇನೆ. ಆವತ್ತಿನಿಂದ ಇವತ್ತಿನವರೆಗೆ ಪ್ರತಿ ದಿನ ಬೆಳಿಗ್ಗೆ ಆ ಕೂಗು ಅದೇ ಹೊತ್ತಿಗೆ, ಅಷ್ಟೇ ಗಟ್ಟಿಯಾಗಿ, ಒಂದೇ ಒಂದು ಸಲ ಬರುತ್ತದೆ.

"ನೀರು ಕಾದಾವ್ರೀ. ಬರ್ರಿ."